ಹಸುರಿನ ನಡುವಣ ಹಸಿವು



ದನಕುರಿಗಳ ಸಾಕಣೆಯ ಮಾತು ಬಂದಾಗ ನಮ್ಮ ಒಕ್ಕಲಿನ ಜನ ಮೊಟ್ಟಮೊದಲು ವಿಚಾರಿಸುವುದು, ಅವಕ್ಕೆ ಹೊಟ್ಟೆತುಂಬ ಮೇವುಂಟೆ ಎಂಬುದನ್ನು. ಆ ವಿಚಾರಣೆ ನ್ಯಾಯವಾದುದೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಿತ್ತಲ ಬಣವೆ ದಿನದಿನಕ್ಕೆ ಕರಗುವುದನ್ನು ಕಂಡವರು, ಮೇವು ಸಾಲದೆ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಬೇಕಾಗಿ ಬಂದವರು, ಮೇವಿನ ಅಳತೆಯನ್ನಲ್ಲದೆ ಬೇರೆ ಯಾವುದನ್ನು ಮೊದಲು ನೆನೆದಾರು? ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ಪೂರ್ಣವಾಯಿತೆಂದು ತಿಳಿಯುವಂತಿಲ್ಲವೆಂಬುದನ್ನೂ, ಸೊಂಪಾಗಿ ಬೆಳೆದ ಹಸುರು ಹುಲ್ಲಿನ ನಡುವೆ ನಿಂತ ಹಸುವೊಂದು ಹಸಿವಿನಿಂದಲೇ ಸೊರಗಿ ಸಾಯುವುದುಂಟೆಂಬುದನ್ನೂ, ಆ ಸೊರಗಿಗೆ ಕಾರಣವಾದ ಕೊರತೆಯನ್ನು ಕೆಲವೊಮ್ಮೆ ಉಗುರ ತುದಿಯಲ್ಲಿ ನಿಲ್ಲುವುದಕ್ಕಿಂತಲೂ ಅಲ್ಪವಾದ ಲವಣದಿಂದ ನೀಗಬಹುದೆಂಬುದನ್ನೂ ಕಳೆದ ಶತಮಾನದ ಪಶುಪೋಷಣ ವಿಜ್ಞಾನವು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟಿದೆ. ಆ ಶೋಧನೆಯ ವೃತ್ತಾಂತವನ್ನೂ, ಅದರಿಂದ ನಮ್ಮ ನಾಡಿನ ರೈತರಿಗೂ ಕುರಿಗಾಹಿಗಳಿಗೂ ಸಲ್ಲುವ ವಿವೇಕವನ್ನೂ ಈ ಹೊತ್ತು ತಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಪ್ರಾಣಿಯ ದೇಹವನ್ನು ದಹಿಸಿದರೆ ಕಡೆಗೆ ಉಳಿಯುವುದು ಒಂದಿಷ್ಟು ಬೂದಿ. ದೇಹದ ತೂಕದಲ್ಲಿ ಅದು ನೂರಕ್ಕೆ 3 ರಿಂದ 5 ಪಾಲಿನಷ್ಟು. ಈ ಬೂದಿಯಲ್ಲಿರುವುದೇ ಖನಿಜಾಂಶ. ಅದರ ಬಹುಭಾಗ ಕ್ಯಾಲ್ಸಿಯಂ ಮತ್ತು ರಂಜಕ. ದೇಹದಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು, ರಂಜಕದಲ್ಲಿ ಸುಮಾರು 80 ಪಾಲು ಎಲುಬು ಹಲ್ಲುಗಳಲ್ಲಿಯೇ ಇರುತ್ತವೆ. ಎಲುಬೆಂದರೆ ಮೈಯನ್ನು ಎತ್ತಿ ನಿಲ್ಲಿಸುವ ಜಡವಾದ ಕಂಬವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ನಮ್ಮ ಹಿರಿಯರು ಜೋಳ ರಾಗಿಗಳನ್ನು ತುಂಬಿಡುತ್ತಿದ್ದ ಹಗೇವಿನಂಥದು. ಮೇವಿನಲ್ಲಿ ಸಮೃದ್ಧಿಯಿದ್ದಾಗ ದೇಹ ಅದರೊಳಕ್ಕೆ ತುಂಬುತ್ತದೆ, ಕೊರತೆ ಬಿದ್ದಾಗ ಅದರಿಂದ ತೆಗೆದುಕೊಳ್ಳುತ್ತದೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುವುದರಿಂದ, ದಿನಕ್ಕೆ ಹತ್ತು ಲೀಟರ್ ಕರೆಯುವ ಹಸು ಹಾಲೊಂದರಲ್ಲಿಯೇ 12 ಗ್ರಾಂ ಕ್ಯಾಲ್ಸಿಯಂ ಅನ್ನು ನಮ್ಮ ಪಾತ್ರೆಗೆ ಸುರಿಯುತ್ತದೆ. ಮೇವು ಅಷ್ಟನ್ನು ಒದಗಿಸದಿದ್ದರೂ ಹಾಲು ಕೂಡಲೇ ನಿಲ್ಲುವುದಿಲ್ಲ. ತಾಯಿ ತನ್ನ ಎಲುಬನ್ನು ಕರಗಿಸಿ ಕೊಡುತ್ತಾಳೆ. ಆದಕಾರಣ ಕೊರತೆಯ ಲಕ್ಷಣ ನಮ್ಮ ಕಣ್ಣಿಗೆ ಬೀಳುವ ವೇಳೆಗೆ ಒಳಗಿನ ದಾಸ್ತಾನು ಬಹುಮಟ್ಟಿಗೆ ಬರಿದಾಗಿರುತ್ತದೆ.

ಈ ವಿಷಯದ ಮೊದಲ ದೊಡ್ಡ ಪಾಠ ಪ್ರಪಂಚಕ್ಕೆ ದೊರೆತುದು ದಕ್ಷಿಣ ಆಫ್ರಿಕದಿಂದ. ಅಲ್ಲಿನ ಫ್ರೈಬರ್ಗ್ ಸೀಮೆಯ ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ ಲಾಮ್‌ಸೀಕ್ಟೆ ಎಂದು ಕರೆಯುತ್ತಿದ್ದ ಒಂದು ರೋಗ ದನಗಳ ಮಂದೆಗಳನ್ನು ಕಾಡುತ್ತಿದ್ದಿತು. ನಿನ್ನೆ ಮೇಯುತ್ತಿದ್ದ ದನ ಇಂದು ಕಾಲಿನ ಶಕ್ತಿ ಉಡುಗಿ ಕುಸಿಯುವುದು, ನಾಲಗೆ ಗಂಟಲುಗಳ ಸ್ವಾಧೀನ ತಪ್ಪಿ ನುಂಗಲಾರದೆ ಬಿದ್ದಿರುವುದು, ಕೊನೆಗೆ ಪ್ರಾಣ ಬಿಡುವುದು. ಪ್ರಿಟೋರಿಯಾ ನಗರದ ಬಳಿ 1908ರಲ್ಲಿ ಆರಂಭವಾದ ಓಂಡರ್ಸ್ಟೆಪೋರ್ಟ್ ಪಶುವೈದ್ಯ ಸಂಶೋಧನಾಲಯದ ಸ್ಥಾಪಕರಾದ ಆರ್ನಾಲ್ಡ್ ಥೈಲರ್ ಎಂಬ ಸ್ವಿಟ್ಜರ್ಲೆಂಡ್ ಮೂಲದ ವಿದ್ವಾಂಸರು ಈ ರೋಗದ ಬೆನ್ನುಹತ್ತಿ, 1919ರಲ್ಲಿ ಆರ್ಮೂಡ್ಸ್‌ವ್ಲಾಕ್ಟೆ ಎಂಬ ಹೊಲಮನೆಯಲ್ಲಿ ಪ್ರಯೋಗಕೇಂದ್ರವನ್ನೇ ತೆರೆದರು. ಪ್ರಯೋಗಶಾಲೆಯಲ್ಲಿ ಕುಳಿತು ಊಹಿಸುವುದಕ್ಕೆ ಬದಲಾಗಿ, ರೋಗ ಹುಟ್ಟುವ ನೆಲಕ್ಕೇ ಹೋಗಿ, ದನಗಳು ಇಡೀ ದಿನ ಏನು ಮಾಡುತ್ತವೆಂದು ನೋಡುತ್ತ ಕೂತುದು ಅವರ ಹಿರಿಮೆ.

ಅವರಿಗೆ ಕಂಡುದೇನು? ಆ ಸೀಮೆಯ ದನಗಳು ಎಲುಬಿಗಾಗಿ ಹಾತೊರೆಯುತ್ತಿದ್ದವು. ಹುಲ್ಲು ತಿನ್ನುವ ಜಾತಿಯಾದರೂ, ಬಯಲಿನಲ್ಲಿ ಬಿದ್ದ ಸತ್ತ ಪ್ರಾಣಿಗಳ ಮೂಳೆಗಳನ್ನು ಹುಡುಕಿ ಗಂಟೆಗಟ್ಟಲೆ ಅಗಿಯುತ್ತಿದ್ದವು. ಮಳೆಗಾಲದ ಎಳೆಹುಲ್ಲಿನ ದಿನಗಳಲ್ಲಿ ಈ ಚಪಲ ಕಡಮೆಯಾಗಿ, ಹುಲ್ಲು ಬಲಿತು ಒಣಗಿದಂತೆಲ್ಲ ಹೆಚ್ಚುತ್ತಿದ್ದಿತು. ಕಾರಣವನ್ನು ಶೋಧಿಸಲಾಗಿ, ಆ ಮಣ್ಣಿನಲ್ಲಿ ರಂಜಕ ತೀರ ವಿರಳವೆಂದೂ, ಹುಲ್ಲು ಒಣಗಿದಾಗ ಅದರಲ್ಲಿದ್ದ ಅಲ್ಪಸ್ವಲ್ಪವೂ ಇಳಿದುಹೋಗುವುದೆಂದೂ ತಿಳಿದುಬಂದಿತು. ಶುದ್ಧಮಾಡಿದ ಮೂಳೆಗಳನ್ನು ದನಗಳ ಮುಂದಿಟ್ಟು, ಯಾವುದು ಎಷ್ಟು ಆತುರದಿಂದ ಬಾಯಿ ಹಾಕುತ್ತದೆಂಬುದರ ಮೇಲೆ ಅದರ ರಂಜಕದ ಕೊರತೆಯನ್ನು ಅಂದಾಜು ಮಾಡುವ ಪರೀಕ್ಷೆಯನ್ನೂ ಅವರು ರೂಢಿಸಿಕೊಂಡರು. ಆದರೆ ಕೊಳೆತ ಹೆಣದ ಎಲುಬಿನಲ್ಲಿ ಬೊಟುಲಿನಂ ಎಂಬ ಸೂಕ್ಷ್ಮಾಣುವಿನ ಘೋರವಿಷ ತುಂಬಿರುವುದುಂಟು. ಅದೇ ದನದ ನರಗಳನ್ನು ಸ್ತಂಭನಗೊಳಿಸುತ್ತಿದ್ದಿತು. ಮಣ್ಣಿನ ಬಡತನ ಹುಲ್ಲಿಗೆ ಇಳಿದು, ಹುಲ್ಲಿನ ಬಡತನ ದನದ ಚಪಲವಾಗಿ, ಚಪಲ ವಿಷದ ಬಳಿಗೆ ಒಯ್ದು, ವಿಷ ಪ್ರಾಣವನ್ನು ತೆಗೆಯುತ್ತಿದ್ದ ಈ ಸರಪಣಿಯನ್ನು ಥೈಲರ್ ಚಪಲದ ಕೊಂಡಿಯಲ್ಲಿಯೇ ಕತ್ತರಿಸಿದರು: ದನಗಳಿಗೆ ಶುದ್ಧವಾದ ಮೂಳೆಹಿಟ್ಟನ್ನು ತಿನ್ನಿಸಿದರು. ಚಪಲ ಅಡಗಿತು, ರೋಗ ನಿಂತಿತು.

ಇದಕ್ಕಿಂತಲೂ ಮಿಗಿಲಾದ ಫಲವೊಂದು ಆಮೇಲೆ ಕಾಣಿಸಿತು. ಮೂಳೆಹಿಟ್ಟು ತಿಂದ ಹಸುಗಳು ಮೈತುಂಬಿಕೊಂಡವು, ಹೆಚ್ಚು ಹಾಲು ಕೊಟ್ಟವು, ಅವುಗಳ ಕರುಗಳು ನೆರೆಯ ಕರುಗಳಿಗಿಂತ ದಷ್ಟಪುಷ್ಟವಾಗಿ ಬೆಳೆದವು. ರೋಗ ತಗುಲದೆ ಉಳಿದಿದ್ದ, ಆರೋಗ್ಯವಂತವೆಂದು ಎಲ್ಲರೂ ನಂಬಿದ್ದ ದನಗಳು ಕೂಡ ವಾಸ್ತವದಲ್ಲಿ ಅರೆಹಸಿವಿನಲ್ಲಿ ಬಾಳುತ್ತಿದ್ದವೆಂಬುದು ಆಗ ಬೆಳಕಿಗೆ ಬಂದಿತು. 1924ರಲ್ಲಿ ಥೈಲರ್, ಗ್ರೀನ್ ಮತ್ತು ಡು ಟಾಯ್ಟ್ ಎಂಬ ಮೂವರು ಸೇರಿ ಪಶುಸಂಪತ್ತಿಗೂ ರಂಜಕಕ್ಕೂ ಇರುವ ಸಂಬಂಧವನ್ನು ಕುರಿತು ಪ್ರಕಟಿಸಿದ ಪ್ರಬಂಧ ಲೋಕದ ಕಣ್ಣನ್ನು ತೆರೆಯಿತು. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ರೋವೆಟ್ ಸಂಸ್ಥೆಯಲ್ಲಿ ಜಾನ್ ಬಾಯ್ಡ್ ಆರ್ ಅವರು ಬೇರೆಬೇರೆ ದೇಶಗಳ ಹುಲ್ಲುಗಾವಲಿನ ಖನಿಜಗಳ ವಿಚಾರವನ್ನು ಒಟ್ಟುಗೂಡಿಸಿ 1929ರಲ್ಲಿ ಗ್ರಂಥವೊಂದನ್ನೇ ಹೊರತಂದರು. ದನದ ಮೇವಿನಿಂದ ಆರಂಭವಾದ ಅವರ ಚಿಂತನೆ ಮನುಷ್ಯರ ಅನ್ನದವರೆಗೆ ಬೆಳೆದು, ಅವರು ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮೊದಲ ಮಹಾನಿರ್ದೇಶಕರಾದುದನ್ನೂ, 1949ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದುದನ್ನೂ ಇಲ್ಲಿ ಸ್ಮರಿಸುವುದು ಉಚಿತ.

ರಂಜಕದ ಕೊರತೆ ಗ್ರಾಂಗಳ ಲೆಕ್ಕದ್ದು. ಇನ್ನು ನಾನು ಹೇಳಲಿರುವುದು ಅದಕ್ಕಿಂತ ಸಾವಿರಾರು ಪಟ್ಟು ಕಿರಿದಾದ ಕೊರತೆಯ ಕಥೆ.

ಪಶ್ಚಿಮ ಆಸ್ಟ್ರೇಲಿಯದ ದಕ್ಷಿಣ ತೀರದಲ್ಲಿ ಡೆನ್ಮಾರ್ಕ್ ಎಂಬ ಊರಿದೆ. 1920ರ ದಶಕದಲ್ಲಿ ಅಲ್ಲಿನ ಸರ್ಕಾರ ದಟ್ಟವಾದ ಅರಣ್ಯವನ್ನು ಕಡಿಸಿ, ಬ್ರಿಟನ್ನಿನಿಂದ ಬಂದ ಬಡಕುಟುಂಬಗಳಿಗೆ ಭೂಮಿ ಹಂಚಿ, ಹಸು ಕೊಡಿಸಿ, ಹೈನುಗಾರಿಕೆಯಲ್ಲಿ ನೆಲೆಗೊಳಿಸಲೆತ್ನಿಸಿತು. ಮಳೆ ಧಾರಾಳ, ಹುಲ್ಲು ಸಮೃದ್ಧ. ಆದರೂ ಹಸುಗಳು ಕೆಲವು ತಿಂಗಳಲ್ಲಿ ಮೇವು ಬಿಟ್ಟು, ಕೂದಲು ಒರಟಾಗಿ, ರಕ್ತ ತೆಳುವಾಗಿ, ಎಲುಬಿನ ಹಂದರವಾಗಿ ಸಾಯತೊಡಗಿದವು. ದಕ್ಷಿಣ ಆಸ್ಟ್ರೇಲಿಯದ ಸಮುದ್ರತೀರದಲ್ಲಿ, ಚಿಪ್ಪಿನ ಮರಳು ಗಾಳಿಗೆ ಹಾರಿ ಬಂದು ಗುಡ್ಡೆಯಾಗಿ ಆದ ನೆಲದ ಮೇಲೆ ಕುರಿಗಳಿಗೂ, ನ್ಯೂಜಿಲೆಂಡಿನ ಉತ್ತರದ್ವೀಪದ ಜ್ವಾಲಾಮುಖಿಯ ಬೂದಿಮಣ್ಣಿನ ಪ್ರದೇಶದಲ್ಲಿ ದನ ಕುರಿ ಎರಡಕ್ಕೂ ಇದೇ ಗತಿ. ಅಲ್ಲೆಲ್ಲ ಪಶುಪಾಲಕರಿಗೆ ತಿಳಿದಿದ್ದ ಉಪಾಯವೆಂದರೆ ಒಂದೇ: ಸೊರಗಿದ ಮಂದೆಯನ್ನು ಒಳ್ಳೆಯ ನೆಲವೆಂದು ಹೆಸರಾದ ಬೇರೊಂದು ಕಡೆಗೆ ಹೊಡೆದುಕೊಂಡು ಹೋಗುವುದು. ಅಲ್ಲಿ ಕೆಲಕಾಲ ಮೇಯ್ದರೆ ಅದು ಚೇತರಿಸಿಕೊಳ್ಳುತ್ತಿದ್ದಿತು. ರೋಗಾಣು ಸಿಗಲಿಲ್ಲ, ವಿಷದ ಸಸ್ಯ ಸಿಗಲಿಲ್ಲ. ಅದೇ ಹುಲ್ಲನ್ನು ಮೇಯ್ದ ಕುದುರೆಗಳಿಗೆ ಏನೂ ಆಗುತ್ತಿರಲಿಲ್ಲವೆಂಬುದು ಎಲ್ಲಕ್ಕಿಂತ ದೊಡ್ಡ ಒಗಟಾಗಿ ಉಳಿಯಿತು.

ರಕ್ತ ತೆಳುವಾಗಿದ್ದುದರಿಂದ ಕಬ್ಬಿಣದ ಕೊರತೆಯಿರಬೇಕೆಂದು ನ್ಯೂಜಿಲೆಂಡಿನ ರಸಾಯನಶಾಸ್ತ್ರಜ್ಞ ಆಸ್ಟನ್ ಅವರು ತರ್ಕಿಸಿ, ಲಿಮೊನೈಟ್ ಎಂಬ ಕಬ್ಬಿಣದ ಅದಿರನ್ನು ಪುಡಿಮಾಡಿ ತಿನ್ನಿಸಿದರು, ದನಗಳು ಚೇತರಿಸಿಕೊಂಡವು. ಸಮಸ್ಯೆ ಬಗೆಹರಿಯಿತೆಂದೇ ಬಹುಜನರ ಭಾವನೆ. ಆದರೆ ಪಶ್ಚಿಮ ಆಸ್ಟ್ರೇಲಿಯದಲ್ಲಿ ಫಿಲ್ಮರ್ ಎಂಬ ಪಶುವೈದ್ಯರೂ ಅಂಡರ್‌ವುಡ್ ಎಂಬ ತರುಣ ಜೀವರಸಾಯನಶಾಸ್ತ್ರಜ್ಞರೂ ಈ ಉತ್ತರದಿಂದ ತೃಪ್ತರಾಗಲಿಲ್ಲ. ಒಂದು ಕಡೆಯ ಅದಿರು ಗುಣ ತೋರಿದರೆ ಇನ್ನೊಂದು ಕಡೆಯದು ತೋರದಿರುವುದೇಕೆ? ಸತ್ತ ಹಸುಗಳ ಪಿತ್ತಜನಕಾಂಗವನ್ನು ಪರೀಕ್ಷಿಸಿದರೆ ಅಲ್ಲಿ ಕಬ್ಬಿಣ ಕಡಮೆಯಾಗಿರುವುದಿರಲಿ, ವಾಡಿಕೆಗಿಂತ ಹೆಚ್ಚಾಗಿ ಸಂಗ್ರಹವಾಗಿದ್ದುದೇಕೆ? ಕಬ್ಬಿಣವಿದ್ದೂ ಅದನ್ನು ಬಳಸಿಕೊಳ್ಳಲಾರದ ಅವಸ್ಥೆ ಇದೆಂದು ಅವರು ನಿಶ್ಚಯಿಸಿ, ಅದಿರಿನಿಂದ ಕಬ್ಬಿಣವನ್ನು ಪೂರ್ತಿಯಾಗಿ ಬೇರ್ಪಡಿಸಿ, ಉಳಿದ ಸಾರವನ್ನು ಮಾತ್ರ ಕುಡಿಸಿ ನೋಡಿದರು. ಕಬ್ಬಿಣವಿಲ್ಲದ ಆ ಸಾರವೂ ಪ್ರಾಣಿಗಳನ್ನು ಗುಣಪಡಿಸಿತು. ಹಾಗಾದರೆ ಗುಣವಿದ್ದುದು ಕಬ್ಬಿಣದಲ್ಲಲ್ಲ, ಅದರೊಡನೆ ಬೆರೆತಿದ್ದ ಕಶ್ಮಲದಲ್ಲಿ. ಸಾರವನ್ನು ಮತ್ತೆ ಮತ್ತೆ ವಿಭಾಗಿಸುತ್ತ, ಒಂದೊಂದು ಭಾಗವನ್ನೂ ಸೊರಗಿದ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತ ಹೋಗಿ, 1935ರಲ್ಲಿ ಅವರು ತಲುಪಿದ ಧಾತು ಕೋಬಾಲ್ಟ್. ಅದೇ ಹೊತ್ತಿಗೆ ಅಡಿಲೇಡ್ ನಗರದಲ್ಲಿ ಮಾರ್ಸ್ಟನ್ ಮತ್ತು ಲೈನ್ಸ್ ಎಂಬ ಸಂಶೋಧಕರು ಸಮುದ್ರತೀರದ ಕುರಿಗಳ ರೋಗವನ್ನು ಹಿಡಿದು ಬೇರೆ ದಾರಿಯಿಂದ ಅದೇ ಧಾತುವನ್ನು ಮುಟ್ಟಿದರು.

ಗಾಜಿಗೆ ನೀಲಿ ಬಣ್ಣ ಕೊಡುವುದಕ್ಕಾಗಿ ಕುಶಲಕರ್ಮಿಗಳು ಶತಮಾನಗಳಿಂದ ಬಳಸುತ್ತಿದ್ದ ಈ ಧಾತುವಿಗೆ ಜೀವದೊಡನೆ ಸಂಬಂಧವುಂಟೆಂದು ಅದುವರೆಗೆ ಬಹುಜನರು ಎಣಿಸಿರಲಿಲ್ಲ. ಕುರಿಯೊಂದಕ್ಕೆ ದಿನಕ್ಕೆ ಬೇಕಾದುದು ಒಂದು ಮಿಲಿಗ್ರಾಂನ ಹತ್ತನೆಯ ಒಂದು ಪಾಲು ಮಾತ್ರ. ಒಂದು ಗ್ರಾಂ ಕೋಬಾಲ್ಟನ್ನು ದಿನವೊಂದಕ್ಕೆ ಇಷ್ಟರಂತೆ ಕೊಡುತ್ತ ಹೋದರೆ ಅದು ಹತ್ತು ಸಾವಿರ ದಿನಗಳಿಗೆ, ಎಂದರೆ ಕುರಿಯ ಹಲವು ಆಯುಷ್ಯಗಳಿಗೆ ಸಾಕಾದೀತು. ಅಷ್ಟು ಸಿಕ್ಕರೆ ಕೆಲವೇ ದಿನಗಳಲ್ಲಿ ಕುರಿಗೆ ಮೇವಿನ ಮೇಲೆ ಮನಸ್ಸು ಬರುತ್ತದೆ, ಕಣ್ಣಿಗೆ ಕಳೆ ಬರುತ್ತದೆ. ಅಷ್ಟು ಸಿಗದಿದ್ದರೆ ಹುಲ್ಲಿನ ರಾಶಿಯ ಮುಂದೆ ತಲೆ ತಗ್ಗಿಸಿ ನಿಂತು ಸಾಯುತ್ತದೆ.

ಆದರೂ ಕೋಬಾಲ್ಟ್ ಮಾಡುವ ಕೆಲಸವೇನೆಂಬುದು ಮತ್ತೆ ಹಲವು ವರ್ಷ ರಹಸ್ಯವಾಗಿಯೇ ಉಳಿಯಿತು. ಬಾಯಿಂದ ಕೊಟ್ಟ ಕೋಬಾಲ್ಟ್ ಗುಣಪಡಿಸುತ್ತಿದ್ದಿತು. ಸೂಜಿಮದ್ದಾಗಿ ರಕ್ತಕ್ಕೆ ಸೇರಿಸಿದ ಕೋಬಾಲ್ಟ್ ನಿಷ್ಫಲವಾಗುತ್ತಿದ್ದಿತು. ಮನುಷ್ಯರಲ್ಲಿ ಬರುವ ಮಾರಕ ರಕ್ತಹೀನತೆಗೆ ಪಿತ್ತಜನಕಾಂಗದ ಸೇವನೆ ಔಷಧವೆಂದು ಕಂಡುಹಿಡಿದುದಕ್ಕಾಗಿ 1934ರಲ್ಲಿ ಮೂವರು ಅಮೆರಿಕನ್ ವೈದ್ಯರಿಗೆ ನೊಬೆಲ್ ಪಾರಿತೋಷಕ ದೊರೆತಿದ್ದಿತು. ಆ ಔಷಧದ ಸಾರಭೂತವಾದ ಪದಾರ್ಥವನ್ನು 1948ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬೇರೆಬೇರೆಯಾಗಿ ಶುದ್ಧರೂಪದಲ್ಲಿ ಪಡೆದಾಗ, ಕೆಂಪು ಹರಳುಗಳಾಗಿ ಮೂಡಿದ ಆ ಬಿ-12 ಜೀವಸತ್ವದ ಗರ್ಭದಲ್ಲಿ ಕೋಬಾಲ್ಟಿನ ಪರಮಾಣುವಿರುವುದು ಕಂಡುಬಂದಿತು. ಒಗಟಿನ ಎಲ್ಲ ತುಂಡುಗಳೂ ಒಮ್ಮೆಗೇ ಕೂಡಿಕೊಂಡವು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಾಣುಗಳಿವೆ. ಅವು ಮೇವಿನೊಡನೆ ಬಂದ ಕೋಬಾಲ್ಟನ್ನು ಹಿಡಿದು ಈ ಜೀವಸತ್ವವನ್ನು ತಯಾರಿಸಿ ತಮ್ಮ ಆಶ್ರಯದಾತನಿಗೆ ಒಪ್ಪಿಸುತ್ತವೆ. ರಕ್ತಕ್ಕೆ ಚುಚ್ಚಿದ ಕೋಬಾಲ್ಟ್ ಆ ಸೂಕ್ಷ್ಮಾಣುಗಳ ಬಳಿಗೆ ಸಾಕಷ್ಟು ತಲುಪದ ಕಾರಣ ನಿಷ್ಫಲವಾಗುತ್ತಿದ್ದಿತು. 1951ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಸೊರಗಿದ ಕುರಿಮರಿಗಳಿಗೆ ಬಿ-12 ಅನ್ನೇ ಚುಚ್ಚಿ ಗುಣಪಡಿಸಿದಾಗ ಈ ಮಾತು ಸಿದ್ಧಾಂತವಾಯಿತು.

ಕುರಿಗೆ ಹಸಿವು ಏಕೆ ಸತ್ತುಹೋಗುತ್ತಿದ್ದಿತೆಂಬುದಕ್ಕೂ ಇದರಲ್ಲೇ ಉತ್ತರವಿದೆ. ನಮ್ಮ ಹಾಗೆ ಕುರಿ ತನ್ನ ಶಕ್ತಿಯನ್ನು ಸಕ್ಕರೆಯಿಂದ ನೇರವಾಗಿ ಪಡೆಯುವುದಿಲ್ಲ; ಹುಲ್ಲು ದೊಡ್ಡ ಹೊಟ್ಟೆಯಲ್ಲಿ ಹುದುಗಿ ಹುಟ್ಟುವ ಆಮ್ಲಗಳೇ ಅದರ ಮುಖ್ಯ ಇಂಧನ. ಅವುಗಳಲ್ಲೊಂದಾದ ಪ್ರೊಪಿಯಾನಿಕ್ ಆಮ್ಲವನ್ನು ದೇಹ ಉರಿಸಿಕೊಳ್ಳಬೇಕಾದರೆ ಬಿ-12ರ ಸಹಾಯ ಅವಶ್ಯ. ಅದಿಲ್ಲದೆ ಹೋದರೆ ಆಮ್ಲ ರಕ್ತದಲ್ಲಿ ಬಳಕೆಯಾಗದೆ ತಂಗುತ್ತದೆ, ಹಸಿವು ಅಡಗುತ್ತದೆ. ಕುದುರೆಯ ಜಠರದ ವ್ಯವಸ್ಥೆಯೇ ಬೇರೆ. ಅದಕ್ಕೆ ಈ ಜೀವಸತ್ವದ ಅಗತ್ಯ ಅಷ್ಟಿಲ್ಲ. ಕುದುರೆ ಸುಖವಾಗಿದ್ದು ಕುರಿ ಸೊರಗುತ್ತಿದ್ದುದು ಇದರಿಂದ.

ಶಾಸ್ತ್ರ ಇಷ್ಟಕ್ಕೆ ಮುಗಿಯಲಿಲ್ಲ. ಅದು ಕುರಿದೊಡ್ಡಿಯವರೆಗೆ ಹೋಗಬೇಕಾಗಿದ್ದಿತು. ಸಾವಿರಾರು ಎಕರೆಗಳಲ್ಲಿ ಚೆದರಿ ಮೇಯುವ ಕುರಿಗಳಿಗೆ ದಿನಾಲು ಮದ್ದು ಕುಡಿಸುವವರು ಯಾರು? ಹುಲ್ಲುಗಾವಲಿಗೆ ಹಾಕುವ ಗೊಬ್ಬರದಲ್ಲಿಯೇ ಕೋಬಾಲ್ಟಿನ ಲವಣವನ್ನು ಬೆರೆಸಿ ಎರಚುವ ಪದ್ಧತಿ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂದು, ಪಾಳುಬಿದ್ದಿದ್ದ ಭೂಮಿ ಹೈನುಗಾರಿಕೆಯ ನೆಲೆಯಾಯಿತು. 1958ರಲ್ಲಿ ಮಾರ್ಸ್ಟನ್ ಮತ್ತು ಅವರ ಸಹೋದ್ಯೋಗಿಗಳಾದ ಡ್ಯೂಯಿ, ಲೀ ಇವರು ಇನ್ನೂ ಸೊಗಸಾದ ಉಪಾಯವನ್ನು ಪ್ರಕಟಿಸಿದರು: ಕೋಬಾಲ್ಟಿನ ಆಕ್ಸೈಡನ್ನು ಸೇರಿಸಿ ಗಟ್ಟಿಯಾಗಿ ಸುಟ್ಟ ಭಾರವಾದ ಗುಳಿಗೆಯೊಂದನ್ನು ಕುರಿಗೆ ನುಂಗಿಸಿದರೆ, ಭಾರದ ಕಾರಣದಿಂದ ಅದು ಮುಂದಕ್ಕೆ ಸಾಗದೆ ಹೊಟ್ಟೆಯಲ್ಲಿಯೇ ನಿಂತು, ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಣಕಣವಾಗಿ ಕರಗುತ್ತಿರುತ್ತದೆ.

ಹಾಗೆಂದು ಖನಿಜವೆಂದರೆ ಎಷ್ಟು ಕೊಟ್ಟರೂ ಒಳ್ಳೆಯದೆಂದು ಯಾರೂ ತಿಳಿಯಕೂಡದು. ಇದಕ್ಕೆ ತಾಮ್ರವೇ ನಿದರ್ಶನ. ತಾಮ್ರ ಕಡಮೆಯಾದ ನೆಲದಲ್ಲಿ ಮೇಯ್ದ ಗಬ್ಬದ ಕುರಿ ಹಾಕಿದ ಮರಿಗಳು ಹಿಂಗಾಲು ಸ್ವಾಧೀನವಿಲ್ಲದೆ ತೂರಾಡುವುದನ್ನು ಪಶ್ಚಿಮ ಆಸ್ಟ್ರೇಲಿಯದ ಬೆನೆಟ್ಸ್ ಎಂಬ ಪಶುವೈದ್ಯರು ಅಭ್ಯಾಸಮಾಡಿ, ತಾಯಿಗೆ ಮುಂಚಿತವಾಗಿ ತಾಮ್ರ ಕೊಟ್ಟರೆ ಮರಿಗಳು ಸ್ವಸ್ಥವಾಗಿ ಹುಟ್ಟುತ್ತವೆಂದು 1930ರ ದಶಕದಲ್ಲಿ ತೋರಿಸಿದರು. ತಾಮ್ರದ ಕೊರತೆಯನ್ನು ಕುರಿಯ ತುಪ್ಪಟವೇ ಬರೆದಿಡುತ್ತದೆ. ಉಣ್ಣೆಯ ಸಹಜವಾದ ಅಲೆಯಲೆ ಸುರುಳಿ ಮಾಯವಾಗಿ ಎಳೆ ತಂತಿಯಂತೆ ನೇರವಾಗುತ್ತದೆ. ಕರಿಯ ಕುರಿಯಾದರೆ ಆ ಅವಧಿಯಲ್ಲಿ ಬೆಳೆದಷ್ಟು ಉಣ್ಣೆ ಬಣ್ಣಗೆಟ್ಟು ಬೆಳ್ಳಗಾಗುತ್ತದೆ. ಮತ್ತೆ ತಾಮ್ರ ಕೊಟ್ಟರೆ ಬುಡದಿಂದ ಕಪ್ಪು ಉಣ್ಣೆ ಹೊರಡುತ್ತದೆ. ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ಪರೀಕ್ಷಿಸಿದ ಕುರಿಯ ಒಂದು ಹಿಡಿ ತುಪ್ಪಟವನ್ನು ಬಿಡಿಸಿ ನೋಡಿದರೆ, ಕಪ್ಪು ಬಿಳಿ ಕಪ್ಪು ಎಂದು ಪಟ್ಟೆಪಟ್ಟೆಯಾಗಿ ಅದರ ಪೋಷಣೆಯ ಚರಿತ್ರೆಯನ್ನೇ ಓದಬಹುದು.

ಇದೇ ತಾಮ್ರ ಮಿತಿಮೀರಿದರೆ ಕುರಿಗೆ ಪ್ರಾಣಾಂತಿಕ. ದನಗಳಿಗಿಂತ ಕುರಿಗಳು ಈ ವಿಷಯದಲ್ಲಿ ಬಹಳ ಸುಕುಮಾರ. ಹೆಚ್ಚಾದ ತಾಮ್ರ ಅವುಗಳ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂಡುತ್ತ ಬಂದು, ಒಂದು ದಿನ ಒಮ್ಮೆಗೇ ರಕ್ತಕ್ಕೆ ನುಗ್ಗಿ ರಕ್ತಕಣಗಳನ್ನು ಒಡೆಯುತ್ತದೆ. ಮತ್ತೊಂದು ಕಡೆ ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಕೆಲವು ಹುಲ್ಲುಗಾವಲುಗಳಲ್ಲಿ ದನಗಳು ವಿಪರೀತವಾಗಿ ಭೇದಿ ಮಾಡಿಕೊಂಡು ಬಡಕಲಾಗುತ್ತಿದ್ದವು. ಆ ಹುಲ್ಲಿನಲ್ಲಿ ಮಾಲಿಬ್ಡಿನಂ ಎಂಬ ಧಾತು ಅತಿಯಾಗಿರುವುದು 1938ರಲ್ಲಿ ಕಂಡುಬಂದು, ತಾಮ್ರದ ಲವಣ ಕೊಟ್ಟಾಗ ದನಗಳು ಗುಣಮುಖವಾದವು. ಒಂದು ಧಾತು ಇನ್ನೊಂದನ್ನು ಕಟ್ಟಿಹಾಕುತ್ತದೆ. ಒಂದರ ಅತಿರೇಕ ಇನ್ನೊಂದರ ಕೊರತೆಯಾಗಿ ಪರಿಣಮಿಸುತ್ತದೆ. ಆದುದರಿಂದ ಇಲ್ಲಿ ಸಲ್ಲುವುದು ಪ್ರಮಾಣಜ್ಞಾನವೊಂದೇ.

ಈ ಪ್ರಮಾಣವನ್ನು ವಿಜ್ಞಾನಿಗಳು ನಿರ್ಣಯಿಸುವ ಬಗೆಯಲ್ಲಿ ಆಡಂಬರವೇನೂ ಇಲ್ಲ. ಬೇಕಾದುದು ಅಪಾರವಾದ ತಾಳ್ಮೆ. ಹಸುವನ್ನು ಒಂದು ವಿಶೇಷವಾದ ಕಟ್ಟೆಯಲ್ಲಿ ಕಟ್ಟಿ, ಅದು ತಿಂದ ಪ್ರತಿಯೊಂದು ಹಿಡಿ ಮೇವನ್ನೂ, ಬಿಟ್ಟ ಕಡ್ಡಿಯನ್ನೂ, ಕುಡಿದ ನೀರನ್ನೂ, ಹಾಕಿದ ಸಗಣಿ ಗಂಜಲಗಳನ್ನೂ, ಕರೆದ ಹಾಲನ್ನೂ ದಿನಗಟ್ಟಲೆ ತೂಗಿ, ಪ್ರತಿಯೊಂದರ ಖನಿಜವನ್ನು ಅಳೆದು, ಬಂದುದೆಷ್ಟು ಹೋದುದೆಷ್ಟು ಎಂದು ಜಮಾಖರ್ಚು ಬರೆಯುವುದು ಹಳೆಯ ಕ್ರಮ. ಆದರೆ ಸಗಣಿಯಲ್ಲಿ ಕಂಡ ರಂಜಕ ಜೀರ್ಣವಾಗದೆ ಹಾಗೆಯೇ ಹೊರಬಿದ್ದುದೋ, ದೇಹವನ್ನು ಸೇರಿ ಬಳಕೆಯಾದ ಮೇಲೆ ಮರಳಿ ಬಂದುದೋ ಎಂಬುದನ್ನು ತಕ್ಕಡಿ ಹೇಳಲಾರದು. ಎರಡನೆಯ ಮಹಾಯುದ್ಧದ ತರುವಾಯ ವಿಕಿರಣಶೀಲವಾದ ರಂಜಕ ಮತ್ತು ಕ್ಯಾಲ್ಸಿಯಂ ಸುಲಭವಾಗಿ ದೊರೆಯತೊಡಗಿದ ಮೇಲೆ, ಗುರುತು ಹಾಕಿದ ಆ ಪರಮಾಣುಗಳ ಜಾಡು ಹಿಡಿದು ಈ ಭೇದವನ್ನು ತಿಳಿಯುವುದು ಸಾಧ್ಯವಾಯಿತು. ಇಂಥ ಜೀರ್ಣಪರೀಕ್ಷೆಗಳು ನಮ್ಮ ಬೆಂಗಳೂರಿಗೆ ಹೊಸವಲ್ಲ. 1920ರ ದಶಕದಲ್ಲಿಯೇ ಎಫ್. ಜೆ. ವಾರ್ತ್ ಎಂಬ ರಸಾಯನಶಾಸ್ತ್ರಜ್ಞರು ಇಲ್ಲಿ ಭಾರತೀಯ ದನಗಳ ಮೇವಿನ ಗುಣವನ್ನು ಹೀಗೆ ತೂಗಿ ಅಳೆಯುವ ಕೆಲಸಕ್ಕೆ ತೊಡಗಿದ್ದರು. 1995ರಲ್ಲಿ ಇದೇ ನಗರದಲ್ಲಿ ಪಶುಪೋಷಣೆ ಮತ್ತು ಶರೀರಕ್ರಿಯೆಗಳ ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಗಿ ಆ ವಿದ್ಯೆಯನ್ನು ಮುಂದುವರಿಸುತ್ತಿದೆ.

ಇನ್ನು ನಮ್ಮ ಕೊಟ್ಟಿಗೆಯ ಕಡೆಗೆ ಬರೋಣ. ನಮ್ಮ ದನಗಳ ನಿತ್ಯದ ಮೇವು ಹಸುರು ಹುಲ್ಲುಗಾವಲಲ್ಲ. ಧಾನ್ಯವನ್ನು ನಾವು ತೆಗೆದುಕೊಂಡ ಮೇಲೆ ಉಳಿದ ಒಣಹುಲ್ಲು. ಭತ್ತದ ಹುಲ್ಲಿನಲ್ಲಿ ರಂಜಕ ಅತ್ಯಲ್ಪ. ಕ್ಯಾಲ್ಸಿಯಂ ಇದ್ದರೂ ಅದರಲ್ಲಿನ ಆಕ್ಸಾಲಿಕ್ ಆಮ್ಲ ಅದನ್ನು ಕಟ್ಟಿಹಾಕುವುದರಿಂದ ದನಕ್ಕೆ ಪೂರ್ಣವಾಗಿ ದಕ್ಕುವುದಿಲ್ಲ. ರಾಗಿಯ ಹುಲ್ಲು ಕ್ಯಾಲ್ಸಿಯಂ ವಿಷಯದಲ್ಲಿ ಇದಕ್ಕಿಂತ ಎಷ್ಟೋ ಮೇಲು. ಮೈಸೂರು ಸೀಮೆಯ ರೈತ ರಾಗಿಹುಲ್ಲಿನ ಮೆದೆಯನ್ನು ಜೋಪಾನವಾಗಿ ಒಟ್ಟಿ ಕಾಪಾಡುವುದರಲ್ಲಿ ಅನುಭವದ ವಿವೇಕವಿದೆ. ಆದರೆ ಅದರಲ್ಲಿಯೂ ರಂಜಕ ಸಾಲದು. ತೌಡು, ಬೂಸಾ, ಹಿಂಡಿಗಳಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಕಡಮೆ. ಕುದುರೆಮಸಾಲೆ, ಅಗಸೆ, ಹುರುಳಿ, ಅಲಸಂದೆ ಮುಂತಾದ ಬೇಳೆಜಾತಿಯ ಹಸುರು ಸೊಪ್ಪಿನಲ್ಲಿ ಕ್ಯಾಲ್ಸಿಯಂ ಸಮೃದ್ಧ. ಹುಲ್ಲಿನೊಡನೆ ಒಂದು ಹಿಡಿ ಸೊಪ್ಪು, ಒಂದಿಷ್ಟು ಹಿಂಡಿ ಬೂಸಾ ಕೂಡಿಸಿ ಹಾಕುವ ನಮ್ಮ ಹಳೆಯ ವಾಡಿಕೆ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವ ಶಾಸ್ತ್ರಸಮ್ಮತವಾದ ಕ್ರಮವೇ ಆಗಿದೆ.

ಮಲೆನಾಡಿನ ಕಥೆ ಬೇರೆ. ಅಲ್ಲಿ ಸುರಿಯುವ ಮಳೆ ಮಣ್ಣಿನ ಕರಗುವ ಲವಣಗಳನ್ನೆಲ್ಲ ತೊಳೆದುಕೊಂಡು ಹಳ್ಳಹೊಳೆಗಳಿಗೆ ಒಯ್ಯುತ್ತದೆ. ಉಳಿದ ಕೆಂಪು ಜಂಬಿಟ್ಟಿಗೆಯ ಹುಳಿಮಣ್ಣಿನಲ್ಲಿ ಹುಲ್ಲು ಹಸುರಾಗಿ ಬೆಳೆದರೂ ಸತ್ವ ಕಡಮೆ. ಅಲ್ಲಿನ ಗಿಡ್ಡ ತಳಿಯ ದನ ಕಿರಿದಾದ ಮೈಯಿಂದ, ಅಲ್ಪವಾದ ಅಗತ್ಯದಿಂದ ಆ ನೆಲದೊಡನೆ ಹೊಂದಿಕೊಂಡು ಬಾಳುತ್ತದೆ. ಅದೇ ಕೊಟ್ಟಿಗೆಗೆ ಹತ್ತು ಹನ್ನೆರಡು ಲೀಟರ್ ಕರೆಯುವ ಮಿಶ್ರತಳಿಯ ಹಸುವನ್ನು ತಂದು ಕಟ್ಟಿ ಅದೇ ಹುಲ್ಲನ್ನು ಹಾಕಿದರೆ, ಅದರ ಎಲುಬಿನ ದಾಸ್ತಾನು ಎಷ್ಟು ದಿನ ಬಂದೀತು? ಬಯಲುಸೀಮೆಯ ಕೆಲವು ಕಡೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಮನುಷ್ಯರ ಹಲ್ಲುಗಳನ್ನು ಕೆಡಿಸುವಂತೆಯೇ ದನಗಳ ಹಲ್ಲು ಕೀಲುಗಳನ್ನೂ ಕೆಡಿಸುತ್ತದೆ. ಅಲ್ಲಿಯದು ಕೊರತೆಯಲ್ಲ, ಅತಿರೇಕ. ಆದಕಾರಣ ನಾಡಿಗೆಲ್ಲ ಒಂದೇ ಮದ್ದು ಸಲ್ಲದು. ಒಂದೊಂದು ಪ್ರದೇಶದ ಮಣ್ಣು, ಮೇವು, ದನದ ರಕ್ತಗಳನ್ನು ಪರೀಕ್ಷಿಸಿ, ಅಲ್ಲಿಗೆ ಏನು ಕಡಮೆಯೋ ಅದನ್ನೇ ಸೇರಿಸಿ ಲವಣಮಿಶ್ರಣ ತಯಾರಿಸಬೇಕೆಂಬ ಇಂದಿನ ಪ್ರಯತ್ನ ಸರಿಯಾದ ಹಾದಿಯದು.

ಮನೆಯ ಮಟ್ಟದಲ್ಲಿ ನಾವು ಗಮನಿಸಬೇಕಾದ ಕುರುಹುಗಳು ಕೆಲವುಂಟು. ಹಸು ಗೋಡೆಯ ಮಣ್ಣು ನೆಕ್ಕುವುದು, ಬಟ್ಟೆ, ಚಪ್ಪಲಿ, ಮೂಳೆಗಳನ್ನು ಅಗಿಯುವುದು, ಕುರಿಗಳು ಒಂದರ ಉಣ್ಣೆಯನ್ನೊಂದು ಕಿತ್ತು ತಿನ್ನುವುದು, ಕೂದಲು ಒರಟಾಗಿ ಬಣ್ಣಗೆಡುವುದು, ಕಡಸುಗಳು ಬೆದೆಗೆ ಬರುವುದು ತಡವಾಗುವುದು, ಮತ್ತೆ ಮತ್ತೆ ಬೆದೆಗೆ ಬಂದರೂ ಗಬ್ಬ ನಿಲ್ಲದಿರುವುದು. ಹೊಟ್ಟೆಹುಳುವಿನಿಂದಲೂ ಇಂಥ ಲಕ್ಷಣಗಳು ತೋರುವುದರಿಂದ ಪಶುವೈದ್ಯರ ಸಲಹೆ ಅವಶ್ಯ. ಕರೆಯುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಲವಣಮಿಶ್ರಣವನ್ನು ಹಿಂಡಿ ಬೂಸಾಗಳೊಡನೆ ಕಲಸಿ ಕೊಡುವುದು, ಕುರಿಗಾದರೆ ಕುರಿಗೆಂದೇ ತಯಾರಿಸಿದುದನ್ನು 5 ರಿಂದ 10 ಗ್ರಾಂ ಕೊಡುವುದು ಸಾಮಾನ್ಯವಾದ ಕ್ರಮ. ತಾಮ್ರದ ವಿಷಯದಲ್ಲಿ ನಾನು ಹೇಳಿದುದನ್ನು ನೆನೆದು, ದನದ ಮಿಶ್ರಣವನ್ನು ಕುರಿಗಳಿಗೆ ಹಾಕದಿರಬೇಕು. ಎಲ್ಲಿಯೋ ಕೂಡಿಹಾಕಿದ ಮೂಳೆಗಳ ಪುಡಿಯನ್ನು ಬಳಸುವುದೂ ಬೇಡ; ಶುದ್ಧೀಕರಿಸದ ಮೂಳೆಯ ಅಪಾಯವನ್ನು ದಕ್ಷಿಣ ಆಫ್ರಿಕದ ದನಗಳು ಪ್ರಾಣಕೊಟ್ಟು ಕಲಿಸಿವೆ, ಮತ್ತು 1988ರಲ್ಲಿ ಬ್ರಿಟನ್ ಸರ್ಕಾರ ಮೆಲುಕು ಹಾಕುವ ಪ್ರಾಣಿಗಳಿಗೆ ಅಂಥವೇ ಪ್ರಾಣಿಗಳ ಮಾಂಸಮೂಳೆಯ ಹಿಟ್ಟನ್ನು ತಿನ್ನಿಸುವುದನ್ನು ನಿಷೇಧಿಸಬೇಕಾಗಿ ಬಂದುದು ಹುಚ್ಚುಹಸುವಿನ ರೋಗದ ದೆಸೆಯಿಂದ. ಡೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಶುದ್ಧವಾದ ಲವಣ ಈಗ ಸುಲಭವಾಗಿ ದೊರೆಯುತ್ತದೆ. ಅದೇ ಮೂಳೆಹಿಟ್ಟಿನ ಸ್ಥಾನವನ್ನು ತುಂಬುತ್ತದೆ.

ಮಹನೀಯರೇ, ಪಶ್ಚಿಮ ಆಸ್ಟ್ರೇಲಿಯದ ಆ ಡೆನ್ಮಾರ್ಕಿನ ಒಕ್ಕಲುಗಳಲ್ಲಿ ಅನೇಕರು ಕಾರಣ ತಿಳಿಯುವ ಮೊದಲೇ ಕಡಿದು ಹಸನು ಮಾಡಿದ ಭೂಮಿಯನ್ನು ಬಿಟ್ಟು ಹೊರಟುಹೋದರು. ಸೋತವರೆಂಬ ಹೆಸರು ಅವರಿಗೆ ಬಂದಿತು. ಅವರ ದುಡಿಮೆಯಲ್ಲಿ ದೋಷವಿರಲಿಲ್ಲ, ಅವರ ಹಸುಗಳಲ್ಲಿಯೂ ದೋಷವಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಗಬ್ಬ ನಿಲ್ಲದ ಹಸುವನ್ನು ಗೊಡ್ಡೆಂದು ಕರೆದು ಬಂದ ಬೆಲೆಗೆ ಮಾರಿಬಿಡುತ್ತೇವೆ. ಹಾಲು ಇಳಿದರೆ ತಳಿಯನ್ನೋ, ಮನೆಯ ಹೆಂಗಸರ ಆರೈಕೆಯನ್ನೋ, ದೃಷ್ಟಿದೋಷವನ್ನೋ ದೂರುತ್ತೇವೆ. ಆ ತೀರ್ಪನ್ನು ಕೊಡುವ ಮುಂಚೆ ವಿಚಾರಿಸಬೇಕಾದ ಸಂಗತಿಯೊಂದುಂಟು: ಈ ಪ್ರಾಣಿಗೆ ಬೇಕಾದುದನ್ನು ನಮ್ಮ ನೆಲ ಕೊಟ್ಟಿತೆ, ಕೊಡದಿದ್ದುದನ್ನು ನಾವು ತುಂಬಿದೆವೆ? ಹೋಬಳಿ ಹೋಬಳಿಯ ಮಣ್ಣು ಮೇವುಗಳ ಪರೀಕ್ಷೆ ಸರ್ಕಾರದ, ವಿಶ್ವವಿದ್ಯಾನಿಲಯಗಳ ಹೊಣೆ. ಅವುಗಳ ಫಲವನ್ನು ಕೇಳಿ ಪಡೆದು ಕೊಟ್ಟಿಗೆಯಲ್ಲಿ ಆಚರಣೆಗೆ ತರುವುದು ನಮ್ಮ ಹೊಣೆ. ತಾನು ಕರಗಿಯಾದರೂ ಕರುವಿಗೂ ನಮಗೂ ಹಾಲು ಕೊಡುವ ಪ್ರಾಣಿಗೆ ಅದರ ಎಲುಬಿನ ಸಾಲವನ್ನು ದಿನದಿನವೂ ತೀರಿಸುತ್ತ ಬರುವುದು ದಯೆಯ ಮಾತಲ್ಲ, ಋಣದ ಮಾತು. ಆ ಋಣವನ್ನು ತೀರಿಸುವುದಕ್ಕೆ ಬೇಕಾದ ವಿದ್ಯೆ ಇಂದು ನಮ್ಮ ಕೈಯಲ್ಲಿದೆ, ಅದಕ್ಕೆ ತಗಲುವ ವೆಚ್ಚವೂ ಅಲ್ಪ. ಇನ್ನು ತಡಮಾಡುವುದಕ್ಕೆ ಕಾರಣವಿಲ್ಲ.